ಓದುಗರ ಪ್ರಶ್ನೆ: ಡೇನಿಯಲ್ ಬೂನ್ ಬೇಟೆಗಾರನೋ, ಸರ್ಕಾರಿ ಅಧಿಕಾರಿಯೋ?

ಕಳೆದ ಸಂಚಿಕೆಯಲ್ಲಿ ಅಮೆರಿಕದ ಕೆಂಟಕಿ ರಾಜ್ಯದ ಬಗ್ಗೆ ಬರೀವಾಗ ಡೇನಿಯಲ್ ಬೂನ್ ಬಗ್ಗೆ ಒಂದೇ ಒಂದು ಸಾಲು ಬರೆದಿದ್ದೆ, ಕಾಡು ಕಡಿದು ದಾರಿ ಮಾಡಿದವನು ಆಮೇಲೆ ಶೆರಿಫ್ ಕೂಡ (ಕಾನೂನು ಪಾಲನೆ ನೋಡೋ ಅಧಿಕಾರಿ) ಆದ ಅಂತ. ಆ "ಶೆರಿಫ್ ಕೂಡ" ಅನ್ನೋದನ್ನ ಹಿಡ್ಕೊಂಡು ಇಷ್ಟೊಂದು ಪತ್ರ ಬರುತ್ತೆ ಅಂದ್ಕೊಂಡಿರ್ಲಿಲ್ಲ. ಹಂಗಾಗಿ ಈ ಸಲ ಅಂಕಣ ಪೂರ್ತಿ ಬೂನ್‌ಗೇ ಬಿಟ್ಟಿದ್ದೀನಿ. ಒಂದೇ ಥರದ ಪ್ರಶ್ನೆಗಳನ್ನ ಒಟ್ಟು ಮಾಡಿದ್ದೀನಿ, ನಿಮ್ಮ ಪ್ರಶ್ನೆ ಮಾತು ಬದಲಾಗಿದ್ರೆ ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಸರ್, ಬೂನ್ ಅಂದ್ರೆ ಕೋವಿ ಹಿಡ್ಕೊಂಡು ಕಾಡಲ್ಲಿ ಅಲೀತಿದ್ದ ಬೇಟೆಗಾರ ಅಂತ ಚಿಕ್ಕಂದಿನಲ್ಲಿ ಓದಿದ್ದು. ಅವನಿಗೆ ಸರ್ಕಾರಿ ಕೆಲಸ ಯಾವಾಗ ಸಿಕ್ತು? (ಓದುಗರು, ಶಿರಸಿ)

ಉತ್ತರ: ಬೇಟೆಗಾರ ಅನ್ನೋದು ಸುಳ್ಳಲ್ಲ, ಜಿಂಕೆ ಚರ್ಮ ಮಾರಿ ಸಂಸಾರ ನಡೆಸಿದವನೇ. ಆದ್ರೆ ಅದು ಅರ್ಧ ಕಥೆ. 1775ರಲ್ಲಿ ಕೆಂಟಕಿಗೆ ಬಂದು ಊರು ಕಟ್ಟಿದ ಮೇಲೆ ಒಂದಲ್ಲ ಒಂದು ಹುದ್ದೆ ಅವನ ಹೆಗಲ ಮೇಲೆ ಬೀಳ್ತಾನೇ ಇತ್ತು. ಆಗ ಕೆಂಟಕಿ ವರ್ಜೀನಿಯಾಕ್ಕೆ ಸೇರಿತ್ತು. 1780ರಲ್ಲಿ ಅದನ್ನ ಮೂರು ಕೌಂಟಿ (ನಮ್ಮ ಜಿಲ್ಲೆ ಥರ) ಮಾಡಿದಾಗ ಫಯೆಟ್ ಕೌಂಟಿಯ ಮಿಲಿಷಿಯಾಕ್ಕೆ (ಊರವರೇ ಸೇರಿದ ಸೇನೆ) ಲೆಫ್ಟಿನೆಂಟ್ ಕರ್ನಲ್ ಆದ, ಮರುವರ್ಷ ವರ್ಜೀನಿಯಾ ಶಾಸನಸಭೆಗೆ ಚುನಾಯಿತನಾದ, ಆಗ ಬ್ರಿಟಿಷರ ವಿರುದ್ಧ ಸ್ವಾತಂತ್ರ್ಯ ಯುದ್ಧ ನಡೀತಿತ್ತು, ಅಲ್ಲಿ ಹೋಗಿ ಕೂರೋ ಹೊತ್ತಿಗೆ ಬ್ರಿಟಿಷ್ ಕುದುರೆ ಸವಾರರು ಬಂದು ಶಾರ್ಲಟ್ಸ್‌ವಿಲ್‌ನಲ್ಲಿ ಅವನನ್ನೇ ಹಿಡ್ಕೊಂಡು ಹೋಗಿ ಕೆಲವು ದಿನ ಇಟ್ಕೊಂಡು ಬಿಟ್ರು. 1782ರಲ್ಲಿ ಅದೇ ಫಯೆಟ್‌ಗೆ ಶೆರಿಫ್. ಜೊತೆಗೆ ಡೆಪ್ಯುಟಿ ಸರ್ವೆಯರ್. ಆಮೇಲೆ 1787ರಲ್ಲಿ ಬೂರ್ಬನ್ ಕೌಂಟಿಯಿಂದ, 1791ರಲ್ಲಿ ಕನಾವಾ ಕೌಂಟಿಯಿಂದ ಮತ್ತೆ ಶಾಸನಸಭೆ. ವಯಸ್ಸಾದ ಮೇಲೆ ಮಿಸೌರಿಯಲ್ಲಿ ಸ್ಪೇನ್ ಸರ್ಕಾರದ ಕೈಕೆಳಗೆ ಇನ್ನೊಂದು ಅಧಿಕಾರ, ಅದು ಕೆಳಗೆ ಬರುತ್ತೆ.

ಇಷ್ಟೆಲ್ಲಾ ಹುದ್ದೆ ಯಾಕೆ ಬಂತು ಅಂದ್ರೆ ಅವನು ಬಹಳ ಓದಿದವನು ಅಂತಲ್ಲ, ಅವನ ಇಂಗ್ಲಿಷ್ ಸ್ಪೆಲಿಂಗ್ ನೋಡಿದ್ರೆ ಮೇಷ್ಟ್ರು ತಲೆ ಚಚ್ಕೋಬೇಕು. ಹೊಸದಾಗಿ ಜನ ಬಂದು ಸೇರಿದ ಜಾಗದಲ್ಲಿ ದಾರಿ ಗೊತ್ತಿದ್ದವನು, ಎಲ್ಲರಿಗೂ ಮುಖ ಗೊತ್ತಿದ್ದವನು ಅವನೊಬ್ಬನೇ, ಅದಕ್ಕೆ ಎಲ್ಲಾ ಕೆಲಸಾನೂ ಅವನಿಗೇ ಅಂಟ್ಕೊಳ್ತು.

ಪ್ರಶ್ನೆ: ಆ ಕುಟುಂಬದ ಮೂಲ ಎಲ್ಲಿಯದು? ಯಾಕೆ ಒಂದು ಕಡೆ ನಿಲ್ಲಲೇ ಇಲ್ಲ? (ಓದುಗರು, ತುಮಕೂರು)

ಉತ್ತರ: ಮೂಲ ಇಂಗ್ಲೆಂಡಿನ ಡೆವನ್. ಮನೆಯವರು ಕ್ವೇಕರ್ ಪಂಥದವರು, ಜಗಳ ಯುದ್ಧ ಬೇಡ ಅನ್ನೋ ಕ್ರೈಸ್ತರು. ಅಪ್ಪ ಸ್ಕ್ವೈರ್ ಬೂನ್ (ಸ್ಕ್ವೈರ್ ಅನ್ನೋದು ಪದವಿ ಅಲ್ಲ, ಹೆಸರೇ ಅದು) 1713ರಲ್ಲಿ ಪೆನ್ಸಿಲ್ವೇನಿಯಾಕ್ಕೆ ಬಂದ, ನೇಕಾರ ಮತ್ತು ಕಮ್ಮಾರ. ಅಜ್ಜ ಜಾರ್ಜ್ 1717ರಲ್ಲಿ ಹಿಂದಿನಿಂದ ಬಂದ. ತಾಯಿ ಸಾರಾ ಮಾರ್ಗನ್ ವೆಲ್ಷ್ ಕಡೆಯವಳು. ಡೇನಿಯಲ್ ಹುಟ್ಟಿದ್ದು 1734ರಲ್ಲಿ, ಹನ್ನೊಂದು ಮಕ್ಕಳಲ್ಲಿ ಆರನೇವನು.

ಮೊದಲ ವಲಸೆಗೆ ಕಾರಣ ಕೇಳಿದ್ರೆ ನಮ್ಮೂರಿನ ಕಥೆ ಅನ್ಸುತ್ತೆ. ಸ್ಕ್ವೈರ್‌ನ ದೊಡ್ಡ ಮಗಳು ಸಾರಾ ಪಂಥದ ಹೊರಗಿನವನನ್ನ ಮದುವೆ ಆದ್ಲು, ಮದುವೆಗೆ ಮುಂಚೆಯೇ ಬಸುರಿ ಅಂತ ಗೊತ್ತಾಯ್ತು, ಸಭೆಯವರು ಅಪ್ಪನ ಕೈಲಿ ತಪ್ಪೊಪ್ಪಿಗೆ ಬರೆಸ್ಕೊಂಡ್ರು. ಐದು ವರ್ಷ ಆದ್ಮೇಲೆ 1747ರಲ್ಲಿ ಮಗ ಇಸ್ರೇಲ್ ಕೂಡ ಹೊರಗಿನ ಹುಡುಗೀನ ಮದುವೆ ಆದ. ಈ ಸಲ ಸ್ಕ್ವೈರ್ ಕ್ಷಮೆ ಕೇಳಲ್ಲ ಅಂದ. ಪಂಥದಿಂದ ಹೊರಗೆ ಹಾಕಿದ್ರು. 1750ರಲ್ಲಿ ಮನೆ ಮಠ ಮಾರಿ ದಕ್ಷಿಣಕ್ಕೆ ಗಾಡಿ ಕಟ್ಟಿದ್ರು, ನಾರ್ತ್ ಕೆರೊಲಿನಾದ ಯಾಡ್ಕಿನ್ ನದಿ ಕಡೆಗೆ. ಅಗ್ಗದ ಜಮೀನಿನ ಆಸೆಯೂ ಇತ್ತು ಬಿಡಿ, ಬರೀ ಸ್ವಾಭಿಮಾನಕ್ಕೆ ಯಾರೂ ಅಷ್ಟು ದೂರ ಹೋಗಲ್ಲ.

ಅಂದ ಹಾಗೆ ಡೇನಿಯಲ್‌ನ ದೊಡ್ಡಪ್ಪ ಚಿಕ್ಕಪ್ಪಂದಿರ ಕಡೆಯ ತಂಗಿ ಆನ್ ಬೂನ್ ಮದುವೆ ಆಗಿದ್ದು ಅಬ್ರಹಾಂ ಲಿಂಕನ್ ಅನ್ನೋನನ್ನ. ಪ್ರೆಸಿಡೆಂಟ್ ಲಿಂಕನ್ ಅಲ್ಲ, ಅವರ ಮುತ್ತಜ್ಜನ ಮಲತಮ್ಮ. ಎರಡೂ ಮನೆಯವರು ಪೆನ್ಸಿಲ್ವೇನಿಯಾದ ಬರ್ಕ್ಸ್ ಕೌಂಟಿಯಲ್ಲಿ ಅಕ್ಕಪಕ್ಕ ಇದ್ದೋರು.

ಪ್ರಶ್ನೆ: ರಕೂನ್ ಅನ್ನೋ ಪ್ರಾಣಿಯ ಬಾಲದ ಟೋಪಿ ಹಾಕ್ತಿದ್ನಂತೆ, ಹೌದಾ? (ಎಂಟನೇ ಕ್ಲಾಸ್ ವಿದ್ಯಾರ್ಥಿನಿ, ದಾವಣಗೆರೆ)

ಉತ್ತರ: ಇಲ್ಲಮ್ಮ. ಅಗಲ ಅಂಚಿನ ಫೆಲ್ಟ್ ಹ್ಯಾಟ್ ಹಾಕ್ತಿದ್ದ. ಬಾಲದ ಟೋಪಿ ಕೊಟ್ಟಿದ್ದು ಟೀವಿಯವರು.

ಪ್ರಶ್ನೆ: ಗಂಡ ವರ್ಷಗಟ್ಟಲೆ ಕಾಡಲ್ಲಿದ್ರೆ ಹೆಂಡತಿ ಮಕ್ಕಳ ಗತಿ ಏನು? ಆ ಬಗ್ಗೆ ಯಾರೂ ಬರೆಯಲ್ಲ ಯಾಕೆ? (ಓದುಗರು, ಮಂಡ್ಯ)

ಉತ್ತರ: ಒಳ್ಳೇ ಪ್ರಶ್ನೆ ಅಕ್ಕ. ಹೆಂಡತಿ ಹೆಸರು ರೆಬೆಕ್ಕಾ ಬ್ರಯಾನ್, 1756ರಲ್ಲಿ ಮದುವೆ, ಆಗ ಅವಳಿಗೆ ಹದಿನೇಳು. ಹತ್ತು ಮಕ್ಕಳು. ಅದರ ಜೊತೆಗೆ ತೀರಿಹೋದ ಭಾವನ ಇಬ್ಬರು ಗಂಡು ಮಕ್ಕಳನ್ನ ಮದುವೆ ಆದ ಹೊಸದರಲ್ಲೇ ಸಾಕೋಕೆ ತಗೊಂಡ್ಲು. 1769ರಲ್ಲಿ ಕೆಂಟಕಿ ನೋಡ್ಕೊಂಡು ಬರ್ತೀನಿ ಅಂತ ಹೋದ ಗಂಡ ವಾಪಸ್ ಬಂದಿದ್ದು 1771ರಲ್ಲಿ, ಎರಡು ವರ್ಷದ ಚರ್ಮ ಎಲ್ಲಾ ದಾರಿಯಲ್ಲಿ ಕಳ್ಕೊಂಡು ಬರಿಗೈಯಲ್ಲಿ. ಅಷ್ಟು ದಿನ ಉತ್ತು ಬಿತ್ತಿ ಮನೆ ನಡೆಸಿದ್ದು ಇವಳೇ.

1773ರಲ್ಲಿ ಸಂಸಾರ ಸಮೇತ ಮೊದಲ ಸಲ ಕೆಂಟಕಿಗೆ ಹೊರಟಾಗ ದಾರಿಯಲ್ಲೇ ಹಿರಿ ಮಗ ಜೇಮ್ಸ್ ಸತ್ತ, ಹದಿನಾರು ವರ್ಷ. ಹಿಂದೆ ಉಳಿದಿದ್ದ ಸಣ್ಣ ಗುಂಪಿನ ಮೇಲೆ ರಾತ್ರಿ ಕಳೆದು ಬೆಳಕು ಹರಿಯೋ ಹೊತ್ತಿಗೆ ಇಂಡಿಯನ್ನರ (ಅಮೆರಿಕದ ಮೂಲನಿವಾಸಿಗಳು) ದಾಳಿ ಆಯ್ತು, ಹುಡುಗರನ್ನ ಹಿಂಸೆ ಕೊಟ್ಟು ಕೊಂದ್ರು, ಆಡಮ್ ಅನ್ನೋ ಗುಲಾಮನೊಬ್ಬ ಬಚ್ಚಿಟ್ಕೊಂಡು ಎಲ್ಲಾ ನೋಡಿ ಆಮೇಲೆ ಹೇಳಿದ. ಆ ಸಲ ಎಲ್ಲರೂ ವಾಪಸ್.

1776ರ ಜುಲೈನಲ್ಲಿ ಮಗಳು ಜೆಮೈಮಾ ಮತ್ತೆ ಪಕ್ಕದ ಮನೆಯ ಇಬ್ಬರು ಹುಡುಗೀರು ದೋಣಿಯಲ್ಲಿ ಹೋದಾಗ ಶಾವ್ನಿ, ಚೆರೋಕಿ ಅನ್ನೋ ಇಂಡಿಯನ್ ಬುಡಕಟ್ಟುಗಳ ಗುಂಪೊಂದು ಎತ್ಕೊಂಡು ಹೋಯ್ತು. ಬೂನ್ ಹಿಂದೆ ಬಿದ್ದು ಎರಡು ದಿನಕ್ಕೆ ವಾಪಸ್ ಕರ್ಕೊಂಡು ಬಂದ. ಸಿನಿಮಾದವರಿಗೆ ಇಷ್ಟ ಆಗೋ ಕಥೆ ಇದೇ.

ನನಗೆ ಮಾತ್ರ ಬೇಟೆ, ಬಿಡುಗಡೆ ಇವಕ್ಕಿಂತ ಒಂದು ಸರ್ಕಾರಿ ಕಾಗದ ಮನಸ್ಸಲ್ಲಿ ಉಳ್ಕೊಂಡಿದೆ. 1782ರ ಆಗಸ್ಟ್ 19, ಬ್ಲೂ ಲಿಕ್ಸ್ ಅನ್ನೋ ಉಪ್ಪುನೀರಿನ ಬುಗ್ಗೆ ಹತ್ರ ಬ್ರಿಟಿಷರು ಮತ್ತು ಅವರ ಕಡೆಯ ಇಂಡಿಯನ್ನರ ಜೊತೆ ಯುದ್ಧ. ಮುಂದೆ ಹೊಂಚು ಹಾಕಿದ್ದಾರೆ, ನದಿ ದಾಟೋದು ಬೇಡ ಅಂತ ಬೂನ್ ಹೇಳಿದ್ರೂ ಉಳಿದವರು ಕೇಳ್ಲಿಲ್ಲ. ಕೆಲವೇ ನಿಮಿಷದಲ್ಲಿ ಎಪ್ಪತ್ತು ಜನದಷ್ಟು ಸತ್ರು. ಅವರಲ್ಲಿ ಬೂನ್‌ನ ಎರಡನೇ ಮಗ ಇಸ್ರೇಲ್ (ದೊಡ್ಡಪ್ಪನ ಹೆಸರೇ ಇವನಿಗೂ), ಅಪ್ಪನ ಪಕ್ಕದಲ್ಲೇ. ಕುದುರೆ ಕೊಟ್ಟು ಹೋಗು ಅಂದ್ರೂ ಹೋಗದೆ ನಿಂತಿದ್ದನಂತೆ. ಹನ್ನೊಂದು ದಿನ ಆದ್ಮೇಲೆ, ಆಗಸ್ಟ್ 30ಕ್ಕೆ, ಬೂನ್ ವರ್ಜೀನಿಯಾ ಗವರ್ನರ್‌ಗೆ ರಿಪೋರ್ಟ್ ಬರೆದ. ಎಷ್ಟು ಜನ ಬಂದ್ರು, ಯಾವ ಅಧಿಕಾರಿಗಳು ಸತ್ರು, ಇನ್ನು ಐನೂರು ಜನ ಸೈನಿಕರನ್ನ ಕಳಿಸದೆ ಇದ್ರೆ ಜನ ಊರು ಬಿಟ್ಟು ಹೋಗ್ತಾರೆ, ಇಷ್ಟು. ಮಗನ ಹೆಸರೇ ಇಲ್ಲ ಅದರಲ್ಲಿ.

ಹತ್ತು ಮಕ್ಕಳಲ್ಲಿ ಬೂನ್ ಸಾಯೋ ಹೊತ್ತಿಗೆ ಉಳಿದಿದ್ದು ನಾಲ್ಕು ಜನ. ರೆಬೆಕ್ಕಾ ಅವನಿಗಿಂತ ಮುಂಚೆ, 1813ರಲ್ಲೇ ಹೋದ್ಲು. ಅವಳ ಬಗ್ಗೆ ಯಾಕೆ ಬರೆಯಲ್ಲ ಅಂದ್ರೆ, ಅವಳು ಏನೂ ಬರೆದಿಡಲಿಲ್ಲ, ಕೇಳ್ಕೊಂಡು ಬಂದವರೂ ಅವನನ್ನೇ ಕೇಳಿದ್ರು.

ಪ್ರಶ್ನೆ: ನಾನು ಸರ್ವೆ ಇಲಾಖೆಯಲ್ಲಿದ್ದು ನಿವೃತ್ತಿ ಆದವನು. ಬೂನ್ ಸ್ವತಃ ಸರ್ವೆಯರ್ ಆಗಿದ್ದೂ ತನ್ನ ಜಮೀನೆಲ್ಲಾ ಕಳ್ಕೊಂಡ ಅಂತ ಎಲ್ಲೋ ಓದಿದೆ. ಅದು ಹೆಂಗೆ ಸಾಧ್ಯ? (ಓದುಗರು, ಹಾಸನ)

ಉತ್ತರ: ಸರ್, ನಿಮ್ಮಂಥವರು ಕೇಳಿದ್ದಕ್ಕೆ ಸ್ವಲ್ಪ ಉದ್ದ ಬರೀತೀನಿ, ನಿಜ ಹೇಳಬೇಕು ಅಂದ್ರೆ ಅವನ ಇಡೀ ಬದುಕಿನ ಗಂಟು ಇಲ್ಲೇ ಇದೆ.

ಮೊದಲನೇ ನಷ್ಟ ಶುರುವಿನಲ್ಲೇ. 1775ರಲ್ಲಿ ರಿಚರ್ಡ್ ಹೆಂಡರ್ಸನ್ ಅನ್ನೋ ಜಡ್ಜ್ ಟ್ರಾನ್ಸಿಲ್ವೇನಿಯಾ ಕಂಪನಿ ಅಂತ ಮಾಡ್ಕೊಂಡು ಚೆರೋಕಿಗಳ ಹತ್ರ ಕೆಂಟಕಿಯ ದೊಡ್ಡ ಭಾಗ ಕೊಂಡ್ಕೊಂಡ. ಬೂನ್ ಸುಮಾರು ಮೂವತ್ತು ಜನ ಕಟ್ಕೊಂಡು ಕಂಬರ್ಲೆಂಡ್ ಗ್ಯಾಪ್ ಅನ್ನೋ ಬೆಟ್ಟದ ಕಣಿವೆ ದಾರಿ ಮೂಲಕ ಮರ ಕಡಿದು ದಾರಿ ಮಾಡಿದ, ಅದೇ ವೈಲ್ಡರ್‌ನೆಸ್ ರೋಡ್, ಕೊನೆಯಲ್ಲಿ ಬೂನ್ಸ್‌ಬರೋ ಕೋಟೆ. ಇದಕ್ಕೆ ಕೂಲಿಯಾಗಿ ಅವನಿಗೆ 2,000 ಎಕರೆ ಕೊಡೋದು ಅಂತ ಮಾತು. 1778ರಲ್ಲಿ ವರ್ಜೀನಿಯಾ ಸರ್ಕಾರ ಆ ಖರೀದಿನೇ ಅಸಿಂಧು ಅಂದ್ಬಿಡ್ತು. ಹೆಂಡರ್ಸನ್ ಕಂಪನಿಗೆ ಪರಿಹಾರ ಅಂತ 2,00,000 ಎಕರೆ ಸಿಕ್ತು. ದಾರಿ ಕಡಿದವನಿಗೆ ಏನೂ ಇಲ್ಲ.

ಆಮೇಲೆ 1779ರಲ್ಲಿ ವರ್ಜೀನಿಯಾದ ಲ್ಯಾಂಡ್ ಆಕ್ಟ್ ಬಂತು. ಮೊದಲೇ ಬಂದು ಗುಡಿಸಲು ಹಾಕಿ ಜೋಳ ಬೆಳೆದವನಿಗೆ 400 ಎಕರೆ, ಅದರ ಪಕ್ಕದಲ್ಲಿ ಇನ್ನೂ 1,000 ಎಕರೆ ಕೊಳ್ಳೋ ಹಕ್ಕು. ಬೇರೆಯವರು ದುಡ್ಡು ಕೊಟ್ಟು ವಾರಂಟ್ (ಜಮೀನಿಗೆ ಹಕ್ಕಿದೆ ಅನ್ನೋ ಸರ್ಕಾರಿ ಕಾಗದ) ತಗೋಬೇಕು, ವಾರಂಟ್ ಸಿಗೋದು ನೂರಾರು ಮೈಲಿ ಆಚೆ ರಾಜಧಾನಿಯಲ್ಲಿ. ಆ ವಾರಂಟ್ ಇಂಥ ಜಾಗ ಅಂತ ಹೇಳಲ್ಲ, ಇಷ್ಟು ಎಕರೆ ಅಂತ ಮಾತ್ರ. ಜಾಗ ನೀನೇ ಹುಡುಕು, ಎಂಟ್ರಿ ಮಾಡಿಸು (ಇಂಥ ಜಾಗ ನಂಗೆ ಬೇಕು ಅಂತ ಬರೆಸು), ಸರ್ವೆ ಮಾಡಿಸು, ಸರ್ವೆ ವಾಪಸ್ ಕಳಿಸಿ ನೋಂದಣಿ ಮಾಡಿಸು. ಒಂದು ಹಂತ ತಪ್ಪಿದ್ರೂ ಕಥೆ ಮುಗೀತು. ಸರ್ಕಾರದ ಕಡೆಯಿಂದ ಮೊದಲೇ ಹದ್ದುಬಸ್ತು ಮಾಡಿ, ಸರ್ವೆ ನಂಬರ್ ಕೊಟ್ಟು, ಆಮೇಲೆ ಹಂಚೋದು ಅನ್ನೋದೇ ಇರ್ಲಿಲ್ಲ. ಚಕ್ಕುಬಂದಿ ಹೆಂಗೆ ಬರೀತಿದ್ರು ಅಂದ್ರೆ ಹಳ್ಳದ ಪಕ್ಕದ ಎರಡು ಓಕ್ ಮರದಿಂದ ಇಷ್ಟು ಕಂಬ (ಆಗಿನ ಉದ್ದದ ಅಳತೆ) ಪೂರ್ವಕ್ಕೆ ಹೋಗಿ ಅಲ್ಲಿ ಗುರುತು ಕೊಚ್ಚಿದ ಮೇಪಲ್ ಮರ ಅಂತ. ಮರ ಬಿದ್ದು ಹೋದ್ರೆ ಗಡಿಯೂ ಬಿದ್ದೋಯ್ತು. ಒಂದೇ ಜಾಗಕ್ಕೆ ಮೂರು ನಾಲ್ಕು ಜನರ ಸರ್ವೆ, ಒಂದರ ಮೇಲೊಂದು.

ಇಂಥಾದ್ರಲ್ಲಿ ಬೂನ್ ನೂರಕ್ಕೂ ಹೆಚ್ಚು ಸರ್ವೆ ಮಾಡಿದ. ಕಾಡು ಅವನಷ್ಟು ಗೊತ್ತಿದ್ದವನಿಲ್ಲ, ಲೆಕ್ಕ ಮತ್ತು ದಾಖಲೆ ಮಾತ್ರ ಸಡಿಲ. ಎಂಟ್ರಿ ಬರೀವಾಗ ಅವನಿಗೆ ಜಾಗ ಕಣ್ಣಿಗೆ ಕಟ್ಟಿದ ಹಾಗೆ ಇರ್ತಿತ್ತು, ಓದಿದ ವಕೀಲನಿಗೆ ಏನೂ ಗೊತ್ತಾಗ್ತಿರ್ಲಿಲ್ಲ. ಅವನ ಸರ್ವೆ ಬಿದ್ದಾಗ ಜನ ಅವನ ಮೇಲೇ ದಾವೆ ಹಾಕಿದ್ರು. ತಾನು ಮಾರಿದ ಜಮೀನಿನ ಟೈಟಲ್‌ಗೆ ಅವನು ಜಾಮೀನು ಕೊಟ್ಟಿರ್ತಿದ್ದ, ಟೈಟಲ್ ಬಿದ್ದ ಕೂಡ್ಲೆ ಪರಿಹಾರ ಕೈಯಿಂದ ಕಟ್ಟಬೇಕು. ಸಾಲದ್ದಕ್ಕೆ ಬೇರೆಯವರ ಕೇಸಲ್ಲಿ ಸಾಕ್ಷಿ ಹೇಳೋಕೂ ಇವನನ್ನೇ ಕರೀತಿದ್ರು, ಆ ಮರದ ಗುರುತು ಯಾವ ವರ್ಷದ್ದು ಅಂತ ಹೇಳೋಕೆ. ಒಬ್ಬರ ಪರ ಹೇಳಿದ್ರೆ ಇನ್ನೊಬ್ಬರಿಗೆ ಶತ್ರು.

ಇನ್ನೊಂದು ಏಟು 1780ರದ್ದು. ವಾರಂಟ್ ಕೊಳ್ಳೋಕೆ ಅಂತ ನೆರೆಹೊರೆಯವರು ಕೊಟ್ಟ ದುಡ್ಡು, ತನ್ನದೂ ಸೇರಿ 20,000 ಡಾಲರ್‌ಗೂ ಮೇಲೆ, ತಗೊಂಡು ರಾಜಧಾನಿ ವಿಲಿಯಮ್ಸ್‌ಬರ್ಗ್‌ಗೆ ಹೊರಟಿದ್ದ. ದಾರಿಯ ಛತ್ರದಲ್ಲಿ ಮಲಗಿದ್ದಾಗ ಪೂರ್ತಿ ಕಳವಾಯ್ತು. ಕೆಲವರು ಹೋಗಲಿ ಬಿಡು ಅಂದ್ರು, ಕೆಲವರು ಬಿಡ್ಲಿಲ್ಲ, ಅವರ ಸಾಲ ತೀರಿಸೋಕೆ ವರ್ಷಗಳು ಹಿಡೀತು. ಒಂದು ಕಾಲಕ್ಕೆ ಲೈಮ್‌ಸ್ಟೋನ್ ಅನ್ನೋ ನದಿ ಬಂದರಿನಲ್ಲಿ ಛತ್ರ, ಕುದುರೆ ವ್ಯಾಪಾರ, ಏಳು ಜನ ಗುಲಾಮರು, ಹತ್ತಾರು ಸಾವಿರ ಎಕರೆ ಕಾಗದದ ಮೇಲೆ, ಎಲ್ಲಾ ಇತ್ತು. ಜಿನ್ಸೆಂಗ್ ಅನ್ನೋ ಔಷಧಿ ಬೇರು ಮಾರೋಕೆ ಹೋಗಿ ದೋಣಿ ಮಗುಚಿ ಅದೂ ಕೈಕೊಡ್ತು. 1798ರಲ್ಲಿ ಕೆಂಟಕಿಯ ಕೋರ್ಟೊಂದು ಸಾಕ್ಷಿಗೆ ಬರ್ಲಿಲ್ಲ ಅಂತ ಅವನ ಮೇಲೆ ಬಂಧನದ ವಾರಂಟ್ ಹೊರಡಿಸ್ತು. ಅದೇ ವರ್ಷ ಅದೇ ಕೆಂಟಕಿ ಒಂದು ಹೊಸ ಕೌಂಟಿಗೆ ಬೂನ್ ಅಂತ ಅವನ ಹೆಸರಿಡ್ತು. ಸರ್ಕಾರ ಅಂದ್ರೆ ಎಲ್ಲಾ ಕಡೆ ಒಂದೇ ನೋಡಿ.

ಪ್ರಶ್ನೆ: ಹಂಗಾದ್ರೆ ಮಿಸೌರಿಗೆ ಹೋಗಿದ್ದು ಸಾಲಗಾರರ ಕಾಟಕ್ಕಾ? ಅಲ್ಲಿ ಸ್ಪೇನಿನವರು ಅವನಿಗೆ ಯಾಕೆ ಅಧಿಕಾರ ಕೊಟ್ರು? (ಓದುಗರು, ಬೆಳಗಾವಿ)

ಉತ್ತರ: ಸಾಲವೂ ಹೌದು, ಮಗ ಕರೆದಿದ್ದೂ ಹೌದು. ಡೇನಿಯಲ್ ಮಾರ್ಗನ್ ಬೂನ್ ಅನ್ನೋ ಮಗ ಮೊದಲೇ ಹೋಗಿ ನೋಡ್ಕೊಂಡು ಬಂದಿದ್ದ. ಮಿಸಿಸಿಪಿ ನದಿಯ ಆಚೆ ಆಗ ಸ್ಪೇನ್ ರಾಜ್ಯಭಾರ, ಅವರಿಗೆ ಜನ ಬೇಕಾಗಿತ್ತು. ಬೂನ್ ಬಂದ್ರೆ ಅವನ ಹಿಂದೆ ಹತ್ತಾರು ಸಂಸಾರ ಬರುತ್ತೆ ಅನ್ನೋ ಲೆಕ್ಕ. 1799ರಲ್ಲಿ, 65ನೇ ವಯಸ್ಸಲ್ಲಿ, ಹೊರಟ. ಮರುವರ್ಷ ಲೆಫ್ಟಿನೆಂಟ್ ಗವರ್ನರ್ ದೆಲಾಸು ಅವನನ್ನ ಫಾಮ್ ಓಸಾಜ್ ಜಿಲ್ಲೆಗೆ ಸಿಂಡಿಕ್ ಮಾಡಿದ. ಸಿಂಡಿಕ್ ಅಂದ್ರೆ ನಮ್ಮ ಹಳೇ ಕಾಲದ ಪಟೇಲನ ಥರ, ನ್ಯಾಯ, ಪೊಲೀಸ್, ಹೊಸಬರಿಗೆ ಜಾಗ ತೋರಿಸೋದು, ಎಲ್ಲಾ ಒಬ್ಬನ ಕೈಲಿ.

ಮನೆ ಹತ್ರದ ಒಂದು ದೊಡ್ಡ ಎಲ್ಮ್ ಮರದ ಕೆಳಗೆ ಪಂಚಾಯ್ತಿ ಮಾಡ್ತಿದ್ದ ಅಂತ ಪ್ರತೀತಿ. ಕಾನೂನು ಪುಸ್ತಕ ನೋಡ್ತಿರ್ಲಿಲ್ಲ, ಸರಿ ಕಂಡಿದ್ದು ಹೇಳ್ತಿದ್ದ, ಕಳ್ಳತನಕ್ಕೆ ಸಾಮಾನ್ಯವಾಗಿ ಚಾಟಿ ಏಟು. ಅವನು ಬರೆದುಕೊಟ್ಟ ಒಂದು ಸರ್ಟಿಫಿಕೇಟು ಮಜವಾಗಿದೆ: 1804ರಲ್ಲಿ ಮೂರು ಜನ ಬಂದು, ಜಗಳದಲ್ಲಿ ಒಬ್ಬನ ಎಡಗಿವಿಯನ್ನ ಎದುರಾಳಿ ಕಚ್ಚಿ ತುಂಡು ಮಾಡಿದ ಅಂತ ಪ್ರಮಾಣ ಮಾಡಿ ಹೇಳಿದ್ರು, ಅದನ್ನ ಕಿವಿ ಹರಿದವನಿಗೆ ಬರೆದುಕೊಟ್ಟ. ಬರೆಸ್ಕೊಳ್ಳೋ ಅಗತ್ಯ ಏನು ಅಂದ್ರೆ, ಆ ಕಾಲದಲ್ಲಿ ಕಳ್ಳರಿಗೆ ಕಿವಿ ಕೊಯ್ಯೋ ಶಿಕ್ಷೆ ಇತ್ತು, ಹರಿದ ಕಿವಿ ನೋಡಿದ ಅಪರಿಚಿತರು ಇವನು ಕಳ್ಳ ಅಂದ್ಕೋಬಾರ್ದಲ್ಲ. ಇಂಥ ಕೆಲಸದಲ್ಲಿ ಅವನನ್ನ ಮೀರಿಸಿದವರಿಲ್ಲ ಅನ್ಸುತ್ತೆ ನಂಗೆ.

ಆದ್ರೆ ತನ್ನ ಕಾಗದದ ವಿಷಯ ಬಂದಾಗ ಮತ್ತೆ ಅದೇ ಹಣೆಬರಹ. ಸ್ಪೇನ್ ಸರ್ಕಾರ ಅವನಿಗೆ 1,000 ಆರ್ಪೆಂಟ್, ಅಂದ್ರೆ 850 ಎಕರೆಯಷ್ಟು ಕೊಟ್ಟಿತ್ತು. ಸಾಗುವಳಿ ಮಾಡಿ ತೋರಿಸ್ಬೇಕು ಅನ್ನೋ ನಿಯಮ ಇದ್ರೂ, ನೀನು ಅಧಿಕಾರಿ, ನಿನಗೆ ಅದು ಬೇಡ ಅಂತ ಗವರ್ನರ್ ಬಾಯಲ್ಲಿ ಹೇಳಿದ. ಬೂನ್ ನಂಬಿದ, ಮಗನ ಜಾಗದಲ್ಲೇ ವಾಸ ಇದ್ದ. 1803ರಲ್ಲಿ ಆ ಇಡೀ ಸೀಮೆ ಅಮೆರಿಕದ ಕೈಗೆ ಬಂತು. ಹೊಸ ಲ್ಯಾಂಡ್ ಕಮಿಷನ್ ಕೇಳಿದ್ದು ಎರಡೇ: ಇಲ್ಲಿ ವಾಸ ಇದ್ಯಾ? ಸಾಗುವಳಿ ಮಾಡಿದ್ಯಾ? ಎರಡೂ ಇಲ್ಲ. ಕ್ಲೇಮ್ ವಜಾ. ಕಾಂಗ್ರೆಸ್‌ಗೆ (ಅಮೆರಿಕದ ಸಂಸತ್ತು) ಅರ್ಜಿ ಹಾಕ್ಕೊಂಡು ಕಾದ, 1814ರಲ್ಲಿ 850 ಎಕರೆ ವಾಪಸ್ ಕೊಟ್ರು, ಆಗ ಅವನಿಗೆ 79 ವರ್ಷ. ಸುದ್ದಿ ಕೇಳಿ ಕೆಂಟಕಿಯ ಹಳೇ ಸಾಲಗಾರರು ಬಂದ್ರು, ಬಹುಪಾಲು ಮಾರಿ ಅವರಿಗೆ ಕೊಟ್ಟ.

ಪ್ರಶ್ನೆ: ಇಂಡಿಯನ್ನರ ಜಾಗ ಕಿತ್ಕೊಂಡವನನ್ನ ಪಯೋನೀರ್ ಅಂತ ಹೊಗಳೋದು ಸರಿನಾ? (ಓದುಗರು, ಚಿಕ್ಕಮಗಳೂರು)

ಉತ್ತರ: ಹೊಗಳಿದ್ದೀನಾ? ಅದಿರ್ಲಿ, ನೀವು ಹೇಳೋದು ಸರಿ. 1763ರಲ್ಲೇ ಬ್ರಿಟಿಷ್ ರಾಜ ಅಪಲಾಚಿಯನ್ ಬೆಟ್ಟಸಾಲಿನ ಆಚೆ ಯಾರೂ ಹೋಗಿ ನೆಲೆಸಬಾರ್ದು ಅಂತ ಆಜ್ಞೆ ಮಾಡಿದ್ದ. ಹೆಂಡರ್ಸನ್ ಚೆರೋಕಿ ಹಿರಿಯರ ಹತ್ರ ಕೊಂಡಾಗ ಅವರಲ್ಲೇ ಡ್ರ್ಯಾಗಿಂಗ್ ಕನೂ ಅನ್ನೋ ನಾಯಕ ಖಡಾಖಂಡಿತ ವಿರೋಧಿಸಿದ. ಅಲ್ಲಿ ಬೇಟೆ ಆಡ್ತಿದ್ದ ಶಾವ್ನಿಗಳಂತೂ ಅದನ್ನ ಯಾರಿಗೂ ಮಾರಿರ್ಲಿಲ್ಲ. ಬೂನ್‌ಗೆ ಇದೆಲ್ಲಾ ಗೊತ್ತಿರ್ಲಿಲ್ಲ ಅನ್ನೋಕಾಗಲ್ಲ, 1769ರಲ್ಲೇ ಶಾವ್ನಿಗಳು ಅವನನ್ನ ಹಿಡಿದು ಚರ್ಮ ಎಲ್ಲಾ ಕಿತ್ಕೊಂಡು ಇನ್ನೊಂದು ಸಲ ಈ ಕಡೆ ಬರಬೇಡ ಅಂತ ಹೇಳಿ ಕಳಿಸಿದ್ರು.

ಆದ್ರೂ ಸಂಬಂಧ ಬರೀ ದ್ವೇಷದ್ದಲ್ಲ. 1778ರಲ್ಲಿ ಉಪ್ಪು ಕಾಯಿಸೋಕೆ ಹೋದಾಗ ಮತ್ತೆ ಸಿಕ್ಕಿಬಿದ್ದ. ಶಾವ್ನಿ ನಾಯಕ ಬ್ಲ್ಯಾಕ್‌ಫಿಶ್ ಅವನನ್ನ ಮಗನಾಗಿ ದತ್ತು ತಗೊಂಡ, ಶೆಲ್ಟೋವಿ ಅಂತ ಹೆಸರಿಟ್ಟ. ಕೆಲವು ತಿಂಗಳು ಅವರ ಜೊತೆ ಇದ್ದು, ಕೋಟೆ ಮೇಲೆ ದಾಳಿ ಮಾಡ್ತಾರೆ ಅಂತ ಗೊತ್ತಾದ ಮೇಲೆ ತಪ್ಪಿಸ್ಕೊಂಡು 160 ಮೈಲಿ ಬಂದು ಸುದ್ದಿ ಕೊಟ್ಟ. ಹೆಂಡತಿ ಇವನು ಸತ್ತ ಅಂದ್ಕೊಂಡು ಕೆರೊಲಿನಾಗೆ ಹೋಗಿದ್ಲು. ಇವನ ಕಡೆಯವರೇ ದ್ರೋಹಿ ಅಂತ ಕೋರ್ಟ್ ಮಾರ್ಷಲ್ ಮಾಡಿದ್ರು, ನಿರ್ದೋಷಿ ಅಂತಾಯ್ತು, ಮೇಲಾಗಿ ಮೇಜರ್ ಪದವಿ. ಮಿಸೌರಿಗೆ ಹೋದಾಗ ಅಲ್ಲಿಗೂ ಒಂದಷ್ಟು ಶಾವ್ನಿಗಳು ಬಂದು ಸೇರಿದ್ರು, ಕೆಂಟಕಿ, ಒಹಾಯೋದಲ್ಲಿ ನೆಲೆ ತಪ್ಪಿದವರು. ಹಳೇ ಪರಿಚಯದವರ ಜೊತೆ ಬೂನ್ ಬೇಟೆಗೆ ಹೋಗ್ತಿದ್ದ. ಅವರನ್ನ ಓಡಿಸಿದ ದಾರಿ ಕಡಿದವನೂ ಅವನೇ ಅನ್ನೋದು ಎರಡೂ ಕಡೆಯವರಿಗೆ ಗೊತ್ತಿತ್ತು.

ಪ್ರಶ್ನೆ: ಮಗ ಸೇಂಟ್ ಲೂಯಿಸ್‌ನಲ್ಲಿದ್ದಾನೆ, ಬೇಸಿಗೆಗೆ ಹೋಗ್ತಿದ್ದೀವಿ. ಬೂನ್ ಸಮಾಧಿ ಹತ್ರದಲ್ಲೇ ಇದ್ಯಾ? ವಂಶದವರು ಯಾರಾದ್ರೂ ಇದ್ದಾರಾ? (ಓದುಗರು, ಮೈಸೂರು)

ಉತ್ತರ: ಸಮಾಧಿ ಎರಡು ಕಡೆ ಇದೆ, ಅದೇ ತಕರಾರು. 1820ರ ಸೆಪ್ಟೆಂಬರ್ 26ಕ್ಕೆ ಮಿಸೌರಿಯಲ್ಲಿ ತೀರಿಕೊಂಡಾಗ ಈಗಿನ ಮಾರ್ಥಾಸ್‌ವಿಲ್ ಹತ್ರ ರೆಬೆಕ್ಕಾ ಪಕ್ಕ ಹೂಳಿದ್ರು. 1845ರಲ್ಲಿ ಕೆಂಟಕಿಯವರು ಬಂದು ಇಬ್ಬರ ಮೂಳೆಯನ್ನೂ ತೆಗೆದು ರಾಜಧಾನಿ ಫ್ರಾಂಕ್‌ಫರ್ಟ್‌ಗೆ ತಗೊಂಡು ಹೋದ್ರು. ಅವರು ತೆಗೆದಿದ್ದು ಬೇರೆ ಯಾರದ್ದೋ ಮೂಳೆ ಅಂತ ಮಿಸೌರಿಯವರು ಈಗಲೂ ಅಂತಾರೆ.

ನೀವು ನೋಡಬೇಕಾಗಿದ್ದು ಡಿಫೈಯನ್ಸ್ ಅನ್ನೋ ಊರಿನ ಹತ್ರದ ಕಲ್ಲಿನ ಮನೆ, ಸೇಂಟ್ ಲೂಯಿಸ್‌ನಿಂದ ಕಾರಲ್ಲಿ ಗಂಟೆ ದಾರಿ. ಬೂನ್ ಮನೆ ಅಂತಾನೇ ಹೆಸರು, ನಿಜವಾಗಿ ಕಿರಿ ಮಗ ನೇಥನ್ ಮನೆ, ಡೇನಿಯಲ್ ಕೊನೇ ದಿನ ಕಳೆದು ಪ್ರಾಣ ಬಿಟ್ಟಿದ್ದು ಅಲ್ಲಿ. ಗೋಡೆ ಎರಡೂವರೆ ಅಡಿ ದಪ್ಪ, ಸುಣ್ಣದ ಕಲ್ಲು. ಈಗ ಅಲ್ಲಿನ ಸೇಂಟ್ ಚಾರ್ಲ್ಸ್ ಕೌಂಟಿಯವರ ಪಾರ್ಕು, ಹೋಗೋ ಮುಂಚೆ ಟೈಮಿಂಗ್ ನೋಡ್ಕೊಂಡು ಹೋಗಿ. ನೇಥನ್ ಕೂಡ ಅಪ್ಪನ ಹಾಗೇ, ಸರ್ವೆಯರ್, 1820ರಲ್ಲಿ ಮಿಸೌರಿ ಸಂವಿಧಾನ ಬರೆದ ಸಭೆಯ ಸದಸ್ಯ, ಆಮೇಲೆ ಸೈನ್ಯದಲ್ಲಿ ಲೆಫ್ಟಿನೆಂಟ್ ಕರ್ನಲ್. 1851ರಲ್ಲಿ ಲೈಮನ್ ಡ್ರೇಪರ್ ಅನ್ನೋ ಇತಿಹಾಸಕಾರ ಬಂದು ನೇಥನ್ ಮತ್ತು ಅವನ ಹೆಂಡತಿ ಆಲಿವ್ ಹತ್ರ ಕೂತು ಕೇಳಿ ಕೇಳಿ ಬರ್ಕೊಂಡ, ಈ ಮನೆತನದ ಒಳಗಿನ ಸುದ್ದಿ ನಮಗೆ ಇಷ್ಟು ಸಿಕ್ಕಿದ್ದು ಅದರಿಂದ. ಆಲಿವ್ ಮದುವೆ ಆಗಿ ಬಂದಾಗ ಹದಿನಾರು ವರ್ಷ, ಮಿಸೌರಿ ನದಿ ದಾಟೋವಾಗ ಗಂಡ ಹುಟ್ಟು ಹಾಕ್ತಿದ್ದ, ಇವಳು ದೋಣಿ ತಿರುಗಿಸ್ತಿದ್ಲು, ಕುದುರೆಗಳು ಪಕ್ಕದಲ್ಲಿ ಈಜ್ತಾ ಬಂದ್ವಂತೆ.

ವಂಶದವರು ಬೇಕಾದಷ್ಟಿದ್ದಾರೆ. ಮೊಮ್ಮಗನೊಬ್ಬ ಆಲ್ಬರ್ಟ್ ಗ್ಯಾಲಟಿನ್ ಬೂನ್ ಇನ್ನೂ ಪಶ್ಚಿಮಕ್ಕೆ ಹೋಗಿ, ಕೊಲೊರಾಡೋದಲ್ಲಿ ಬೂನ್ ಅಂತ ಒಂದು ಊರಿಗೆ ಹೆಸರು ಬರೋದಕ್ಕೆ ಕಾರಣ ಆದ. ಆದ್ರೆ ಅಮೆರಿಕದಲ್ಲಿ ಬೂನ್ ಅಂತ ಹೆಸರಿರೋರೆಲ್ಲಾ ಡೇನಿಯಲ್ ಮೊಮ್ಮಕ್ಕಳು ಅಂತ ನಂಬ್ಕೋಬೇಡಿ, ಅವನ ಅಣ್ಣತಮ್ಮಂದಿರ ಸಂತಾನವೇ ಬೇಕಾದಷ್ಟಿದೆ. ಮಿಸೌರಿ ಕಡೆಯವರು ಸಿಕ್ರೆ ಅವರ ಅಜ್ಜ ಜೆಸ್ಸಿನೋ, ಡೇನಿಯಲ್ ಮಾರ್ಗನ್ನೋ, ನೇಥನ್ನೋ ಅಂತ ಕೇಳಿ, ಗಂಡು ಮಕ್ಕಳ ಕಡೆಯಿಂದ ವಂಶ ಬೆಳೆದಿದ್ದು ಈ ಮೂವರದ್ದೇ.